ಗೋಡೆಯ ಬುಡದ ಪಾದಗಳು

ತಮ್ಮಾ,

ಎಲ್ಲಿದ್ದೀಯೋ ಗೊತ್ತಿಲ್ಲ, ಸುಮ್ಮನೆ ಬರೆಯುತ್ತಿದ್ದೇನೆ. ಇವತ್ತು ಮಗಳು ಫೋನಿನಲ್ಲೇ ನಿನ್ನ ಚಿತ್ರಪ್ರದರ್ಶನ ತೋರಿಸಿದಳು. "ಬಾಣ ಒತ್ತಮ್ಮಾ, ಒಳಗೆ ಹೋಗ್ತೀಯ" ಎಂದಳು. ಒತ್ತಿದೆ. ಕೋಣೆಯಾದ ಮೇಲೆ ಕೋಣೆ, ಒಂದು ನರಪಿಳ್ಳೆಯೂ ಇಲ್ಲ. ಬೀದಿಗೋಡೆಗೆ ಬರೆದು ಬೈಸಿಕೊಳ್ಳುತ್ತಿದ್ದವನಿಗೆ ಇಷ್ಟು ಬಿಳಿ ಗೋಡೆ ಯಾರು ಕೊಟ್ಟಾರು ಎಂದು ಆಗಲೇ ಅನುಮಾನ ಬಂತು.

ಕೊನೆಯ ಕೋಣೆಯಲ್ಲಿ ಬೆನ್ನು ತಿರುಗಿಸಿ ಮನೆಯೊಳಗೆ ನಡೆಯುತ್ತಿರುವ ಹೆಂಗಸಿನ ಚಿತ್ರವಿತ್ತು. ಅವಳ ಪಾದ ನೆಲಕ್ಕೆ ತಾಗಿತ್ತು.

"ಇದು ನಿಮ್ಮ ಮಾವ ಬರೆದದ್ದಲ್ಲ ಕಣೇ. ಯಾರೋ ಬರೆದು ಅವನ ಹೆಸರು ಹಾಕಿದಾರೆ" ಎಂದೆ. ಗೋಡೆಯ ಬುಡದಲ್ಲಿ ನಾಯಿ ಕಾಲೆತ್ತುತ್ತದೆ, ಅಲ್ಲಿಗೆ ದೇವರ ಪಾದ ತರಬೇಡ ಎಂದು ಚಿಕ್ಕವನಿದ್ದಾಗ ನಿನ್ನಿಂದ ಆಣೆ ಮಾಡಿಸಿದ್ದೆನಲ್ಲ. ಆಮೇಲೆ ನೀನು ಮನುಷ್ಯರ ಚಿತ್ರವನ್ನೂ ಮೊಣಕಾಲಿಗೇ ನಿಲ್ಲಿಸುತ್ತಿದ್ದೆ, ಪಾದ ಬರೆಯುತ್ತಲೇ ಇರಲಿಲ್ಲ.

"ಈ ಕೋಣೆಗೆ ಯಾವ ನಾಯಿ ಬರುತ್ತಮ್ಮಾ?" ಎಂದು ನಗುತ್ತಾ ಮಗಳು ಚಿತ್ರವನ್ನು ದೊಡ್ಡದು ಮಾಡಿದಳು. ಎಡ ಹಿಮ್ಮಡಿಯ ಮೇಲೆ ಕುಡುಗೋಲಿನ ಗಾಯದ ಗುರುತಿತ್ತು. ಅವಳ ನಗು ನಿಂತಿತು, ನನ್ನ ಕಾಲು ನೋಡಿದಳು. ನಾನು ಕಾಲು ಒಳಗೆಳೆದುಕೊಂಡೆ.

ಮನೆ ಬಿಟ್ಟು ಹೊರಡು ಎಂದು ನಿನಗೆ ಹೇಳಿ ನಾನು ಒಳಗೆ ನಡೆದ ದಿನ, ನೀನು ಇನ್ನೂ ಬಾಗಿಲಲ್ಲೇ ನಿಂತಿದ್ದೆಯಾ? ಆಗಲೇ ಹೋಗಿಬಿಟ್ಟೆ ಎಂದುಕೊಂಡಿದ್ದೆನಲ್ಲೋ.

ಅಕ್ಕ