ದೇವರಮನೆ ಸೇರಿದ ಬಿಷಪ್ಪರಿಗೆ

ಸಾವಿರ ವರ್ಷಕ್ಕೂ ಹಿಂದೆ ಇಂಗ್ಲೆಂಡಿನ ವಿಂಚೆಸ್ಟರಿನಲ್ಲಿ ಬಿಷಪ್ ಆಗಿದ್ದ ಸಂತ ಸ್ವಿದುನ್ ಅವರ ಪಾದಕ್ಕೆ, ನೈರೋಬಿಯ ಲೊರೆಶೋದಿಂದ ಅನಘಾ ಮಾಡುವ ನಮಸ್ಕಾರ.

ನಮಸ್ಕಾರ ಆಯಿತು, ಇನ್ನು ಜಗಳ. ದಯವಿಟ್ಟು ನಮ್ಮ ದೇವರಮನೆ ಬಿಟ್ಟು ಹೊರಡುತ್ತೀರಾ?

ನೀವು ಈ ಮನೆಗೆ ಬಂದದ್ದು ನನ್ನ ಮಗಳು ವರ್ಷಿಣಿಯ ಸ್ಕೂಲ್ ಪ್ರಾಜೆಕ್ಟಿಗೆ. ಟೋಪಿ, ಕೋಲು, ಗಡ್ಡ ಅಂಟಿಸಿ ರಟ್ಟಿನಲ್ಲಿ ನಿಮ್ಮನ್ನು ಮಾಡಿದವಳು ನಾನು, ಬೆರಳಲ್ಲಿ ಇನ್ನೂ ಗೋಂದಿದೆ. ನಾಳೆ ಕರೆನ್ ಬಡಾವಣೆಯ ಸ್ಕೂಲಿನಲ್ಲಿ ನಿಮ್ಮನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅವಳು ಮಾತಾಡಬೇಕು. ಸ್ಟೇಜ್ ಅಂದರೆ ಕೈಕಾಲು ನಡುಗುವ ಹುಡುಗಿ, ಇದೇ ಮೊದಲ ಸಲ ಒಪ್ಪಿದ್ದಾಳೆ.

ನಿನ್ನೆ, ಮೈಸೂರಿನಿಂದ ಬಂದಿರುವ ನಮ್ಮತ್ತೆಯ ಮುಂದೆ ಪ್ರಾಕ್ಟೀಸ್ ಮಾಡು ಅಂದೆ. ಅಲ್ಲೇ ಎಡವಟ್ಟಾಯಿತು. ಸೇತುವೆ ಮೇಲೆ ಮುದುಕಿಯೊಬ್ಬಳ ಬುಟ್ಟಿ ಬಿದ್ದು ಮೊಟ್ಟೆ ಒಡೆದಾಗ ನೀವು ಮತ್ತೆ ಕೂಡಿಸಿಕೊಟ್ಟಿರಂತಲ್ಲ, ಅದನ್ನು ಕೇಳಿ ಅತ್ತೆ ಕಣ್ಣೊರೆಸಿಕೊಂಡರು. ಮೊಟ್ಟೆಯ ಹೆಸರೆತ್ತಿದರೆ ಅಡುಗೆಮನೆ ತೊಳೆಸುವ ಅತ್ತೆ! ನಾನು ತರಕಾರಿ ತರುವಷ್ಟರಲ್ಲಿ ನೀವು ರಾಯರ ಫೋಟೋ ಪಕ್ಕ ಕೂತಿದ್ದಿರಿ, ಹಣೆಗೆ ಗಂಧ, ಕೊರಳಿಗೆ ಹೂವು. "ಮಂಗಳಾರತಿ ಆಗೋಯ್ತು ಕಣೇ, ಇನ್ನು ಕದಲಿಸೋ ಹಾಗಿಲ್ಲ" ಅಂದರು.

ನೀವಾದರೂ ಬೇಡ ಅನ್ನಬಾರದಿತ್ತೇ? ಆಡಂಬರ ಬೇಡ, ನನ್ನನ್ನು ಚರ್ಚಿನ ಹೊರಗೆ ಹೂಳಿ, ಮೇಲೆ ಮಳೆ ಬೀಳಲಿ, ಜನ ತುಳಿದು ಓಡಾಡಲಿ ಅಂದಿದ್ದವರಂತೆ. ನೂರು ವರ್ಷದ ಮೇಲೆ ನಿಮ್ಮನ್ನು ಎತ್ತಿ ಒಳಗೆ ತಂದು ಪೂಜೆಗಿಟ್ಟರೆ, ಆ ಸಿಟ್ಟಿಗೆ ದಿನಗಟ್ಟಲೆ ಮಳೆ ಸುರಿಯಿತು ಅಂತಾರೆ. ಅಷ್ಟು ರೋಷದವರು ನಮ್ಮತ್ತೆ ಎದುರು ಮಾತ್ರ ಗಪ್‌ಚುಪ್. ಗಂಡ ಯಶವಂತನೂ ಹೀಗೇ, ಏನೂ ಪ್ರಯೋಜನವಿಲ್ಲ.

ಇವತ್ತು ಮಧ್ಯಾಹ್ನ ತಡೆಯಲಾರದೆ ನಾನೇ ನಿಮ್ಮನ್ನು ಎತ್ತಲು ಕೈ ಹಾಕಿದೆ. ಅತ್ತೆ ಅಡ್ಡ ಬರಲಿಲ್ಲ. "ನಾನು ಬಂದಾಗಿನಿಂದ ಮಗು ಎಸ್, ನೋ ಬಿಟ್ಟು ಬೇರೆ ಮಾತಾಡಿರಲಿಲ್ಲ. ಇವರ ಕಥೆ ಪೂರ್ತಿ ಕನ್ನಡದಲ್ಲಿ ಹೇಳ್ತು. ಅದಕ್ಕೇ ಕೂರಿಸಿದೆ. ತಗೊಂಡು ಹೋಗಮ್ಮ."

ನನ್ನ ಕೈ ಅಲ್ಲೇ ನಿಂತಿತು. ಅಷ್ಟರಲ್ಲಿ ವರ್ಷಿಣಿ ಬಂದು, "ಅಜ್ಜಿ, ನಾಳೆ ಸ್ಕೂಲಿಗೆ ನೀವೇ ಎತ್ಕೊಂಡು ಬನ್ನಿ. ನೀವು ಹತ್ರ ನಿಂತ್ರೆ ನಂಗೆ ಭಯ ಆಗಲ್ಲ" ಅಂದಳು.

ಅತ್ತೆ ನಿಮ್ಮ ಕೊರಳ ಹೂವು ಸರಿಮಾಡಿದರು. "ಉತ್ಸವಕ್ಕೆ ಅಂದ್ರೆ ಹೊರಡಬಹುದು."

ಹಾಗಾಗಿ ನಾಳೆ ಅತ್ತೆ ರೇಷ್ಮೆ ಸೀರೆಯಲ್ಲಿ, ನೀವು ಅವರ ತೊಡೆ ಮೇಲೆ, ಡ್ರೈವರ್ ನಾನು. ಗಂಧ ಒರೆಸಬಾರದಂತೆ. ಟೀಚರಿಗೆ ಏನು ಹೇಳಲಿ, ನೀವೇ ಹೇಳಿ!

ನಾಳೆ ಒಂದು ದಿನ ಮಳೆ ಬೇಡ ಸ್ವಾಮಿ, ರಟ್ಟು ನೆನೆಯುತ್ತದೆ. ಹೊರಗೆ ಮಲಗುವ ಆಸೆ ಇನ್ನು ಬಿಡಿ, ವಾಪಸ್ ಬಂದ ಮೇಲೂ ನಿಮ್ಮ ಜಾಗ ರಾಯರ ಪಕ್ಕವೇ. ಅಜ್ಜಿ ಮೊಮ್ಮಗಳಿಬ್ಬರ ತಲೆ ಮೇಲೂ ನಿಮ್ಮ ಕೈ ಇರಲಿ.

ಇಂತಿ, ನಿಮ್ಮ ಗಡ್ಡ ಅಂಟಿಸಿದ
ಅನಘಾ