ಕೆನ್ನೆಯೊಳಗಿಂದ ತೆಗೆದ ಚೂರು

ಬೆಳ್ಳಾರೆ
೨೪ ಮಾರ್ಚ್ ೧೯೬೩

ಆತ್ಮೀಯ ಮೂಸಕುಂಞಿಯವರಿಗೆ ಬೆಳ್ಯಪ್ಪನ ವಂದನೆಗಳು.

ಕಳೆದ ಪತ್ರದಲ್ಲಿ ಎರಡು ದಿನಾಂಕಗಳನ್ನು ತಪ್ಪಾಗಿ ಬರೆದೆ. ಅದಕ್ಕಿಂತ ದೊಡ್ಡ ತಪ್ಪೆಂದರೆ, ‘ರಕ್ತ ನಿಲ್ಲಲಿಲ್ಲ’ ಎಂದು ಬರೆದು ಅಲ್ಲಿಗೇ ಮುಗಿಸಿದ್ದು. ಕ್ಷಮಿಸಿ, ತಿದ್ದಲು ತಡವಾಯಿತು. ನಿನ್ನೆ ನಿಮ್ಮ ಮಗ ಹೈದರ್ ಪೇಟೆಯಲ್ಲಿ ಸಿಕ್ಕಿದ. “ಬಾಪ ಮಂಗಳೂರಿಗೆ ಹೋಗುದಿಲ್ಲ ಅಂತ ಕೂತಿದ್ದಾರೆ ಮಾಷ್ಟ್ರೆ. ನಿಮ್ಮ ಕಾಗದ ಓದಿದ ಮೇಲೆಯೇ ಹೀಗೆ” ಎಂದ. ನಿಮ್ಮ ಕೆನ್ನೆಯೊಳಗಿನ ಬಿಳಿ ಮಚ್ಚೆ ಅಗಲವಾಗಿದೆ, ಖಾರ ತಾಗಿದರೆ ಊಟ ಬಿಟ್ಟೇಳುತ್ತೀರಿ ಎಂದೂ ಹೇಳಿದ.

ಆದ್ದರಿಂದ ಮಂಗಳೂರಿನ ಆಸ್ಪತ್ರೆಯಲ್ಲಿ ಪರೀಕ್ಷೆಗೆಂದು ನನ್ನ ಕೆನ್ನೆಯ ಚೂರು ತೆಗೆದಾಗ ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ. ವೈದ್ಯರು ಮೊದಲು ಕೆನ್ನೆಯೊಳಗೆ ಸೂಜಿ ಚುಚ್ಚಿದರು. ನೋವಾದದ್ದು ಆಗ ಮಾತ್ರ. ಬಳಿಕ ಅದು ಪರರ ಕೆನ್ನೆಯಂತೆ ಮರಗಟ್ಟಿತು. ಹೆಸರುಕಾಳಿನಷ್ಟು ಮಾಂಸವನ್ನು ಕತ್ತರಿಸಿ ಸೀಸೆಗೆ ಹಾಕಿದರು, ಒಂದು ಹೊಲಿಗೆ ಹಾಕಿ ಬಟ್ಟೆಯ ಉಂಡೆಯನ್ನು ಕಚ್ಚಿಸಿದರು. ಕತ್ತಿ ತಾಗಿದರೆ ರೋಗ ಹರಡುತ್ತದೆಯೆಂಬ ನಿಮ್ಮ ಸಂದೇಹವನ್ನು ಅವರ ಮುಂದಿಟ್ಟೆ. ಅದು ಬರಿಯ ಭಯವೆಂದರು. ಚೂರನ್ನು ಪರೀಕ್ಷಿಸದೆ ಮಚ್ಚೆ ಎಂಥದೆಂದು ತಮಗೂ ತಿಳಿಯದೆಂದರು.

ಇನ್ನು ರಕ್ತದ ಸಂಗತಿ. ಬಸ್ಸಿನ ಕುಲುಕಾಟಕ್ಕೆ ಬಟ್ಟೆಯ ಉಂಡೆ ಜಾರಿತ್ತು. ಮನೆ ಸೇರಿದೊಡನೆ ಜಗಲಿಯ ಪೀಕದಾನಿಗೆ ಉಗುಳಿದೆ. ಆ ಪಾತ್ರೆಯಲ್ಲಿ ಕೆಂಪು ಕಂಡು ನಮ್ಮಲ್ಲಿ ಯಾರು ಬೆಚ್ಚುತ್ತಾರೆ? ನನ್ನ ಮಡದಿ ಪ್ರೇಮಾವತಿ ಇಣುಕಿ ನೋಡಿ ಸಿಡುಕಿದಳು:

“ಬಸ್ಸಿಂದ ಇಳಿದ ಕೂಡ್ಲೇ ಎಲೆ ಹಾಕಿದ್ರಾ? ಡಾಕ್ಟ್ರು ಬೇಡ ಹೇಳಿದ್ದು ಗೋಡೆಗಾ?”

ನನಗೋ ಮಾತಾಡಬಾರದೆಂಬ ಕಟ್ಟಪ್ಪಣೆ. ನಾನು ಕೈಸನ್ನೆ ಮಾಡುತ್ತಿದ್ದಂತೆ ಅವಳು ಎಲೆಯಡಿಕೆಯ ಪೆಟ್ಟಿಗೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದಳು. ನನ್ನ ಬಿಳಿ ಅಂಗಿಯ ಮೇಲೆ ಇಳಿದ ಬಣ್ಣವನ್ನು ಕಂಡ ಮೇಲೆಯೇ ಅವಳಿಗೆ ಅರಿವಾದದ್ದು. ಆಮೇಲೆ ಒಗೆದ ಬಟ್ಟೆಯನ್ನು ಮಡಚಿ ಗಾಯದ ಮೇಲಿರಿಸಿ, ನನ್ನ ಗಲ್ಲವನ್ನು ಒತ್ತಿ ಹಿಡಿದು ಕುಳಿತಳು. ಸಂಜೆಯೊಳಗೆ ರಕ್ತ ನಿಂತಿತು.

ನೀವು ಉಗುಳುತ್ತ ಕೂರಬೇಡಿ. ಬಟ್ಟೆಯನ್ನು ಬಿಗಿಯಾಗಿ ಕಚ್ಚಿ ಹಿಡಿಯಿರಿ. ಬಾಯಿಂದ ಬರುವುದು ರಕ್ತವೆಂದು ನಿಮ್ಮ ಮಡದಿ ನೆಬೀಸಮ್ಮನವರಿಗೆ ಮೊದಲೇ ತಿಳಿಸಿಡಿ. ಗಂಜಿಯನ್ನು ತಣಿಸಿ ಕುಡಿಯಿರಿ.

ನಿಮಗೂ ಮಕ್ಕಳಿಗೂ ಒಳಿತಾಗಲಿ.

ಇತಿ ನಿಮ್ಮ,
ಬೆಳ್ಯಪ್ಪ

ಮೇಲೆ ಬರೆಯಲಾಗದೆ ಉಳಿದದ್ದು: ನನ್ನ ಚೂರಿನ ವರದಿ ಬಂದಿದೆ. ಅರ್ಬುದವಂತೆ, ಜನರು ಕ್ಯಾನ್ಸರ್ ಎನ್ನುವುದು. ಶಸ್ತ್ರಚಿಕಿತ್ಸೆಗೆ ಮದ್ರಾಸಿಗೆ ಹೋಗಬೇಕು. ದವಡೆಯ ಒಂದು ಪಾಲು ಹೋಗುತ್ತದೆ. ಮಾತು ಸ್ಪಷ್ಟವಾಗಿ ಉಳಿಯುವ ಭರವಸೆಯನ್ನು ವೈದ್ಯರು ಕೊಡಲಿಲ್ಲ. ಪ್ರೇಮಾವತಿಗೆ ಇನ್ನೂ ಹೇಳಿಲ್ಲ. ಇದನ್ನು ಓದಿ ನೀವು ಮತ್ತೆ ಹೆದರುವಿರೆಂದು ಬಲ್ಲೆ. ಆದರೂ ಬನ್ನಿ. ನನ್ನದು ಹುಣ್ಣಾಗಿತ್ತು, ನಿಮ್ಮದು ಇನ್ನೂ ಮಚ್ಚೆ.

ತಿದ್ದಿದ ದಿನಾಂಕಗಳು:
ನನ್ನ ಚೂರು ತೆಗೆದದ್ದು: ಮಾರ್ಚ್ ೫ ಅಲ್ಲ, ೭.
ವರದಿ: ‘ಇನ್ನೂ ಬರಬೇಕಷ್ಟೆ’ ಎಂದಿದ್ದೆ, ಬಂದದ್ದು ೨೧.
ನಿಮ್ಮ ಸರದಿ: ಶುಕ್ರವಾರ ೨೯ ಅಲ್ಲ, ಗುರುವಾರ ೨೮. ಪುತ್ತೂರಿನ ಬಸ್‌ನಿಲ್ದಾಣದಲ್ಲಿ ನಾನೂ ಪ್ರೇಮಾವತಿಯೂ ನಿಮಗಾಗಿ ಕಾಯುತ್ತಿರುತ್ತೇವೆ.