ದ್ರೋಹಿಯ ಮನೆಯ ಮಜ್ಜಿಗೆ

ಕ್ರೈಗ್‌ಲಾಸ್, ಉತ್ತರ ವೇಲ್ಸ್
ಸೋಮವಾರ, ಸೆಪ್ಟೆಂಬರ್ 11, 1916

ಪ್ರೀತಿಯ ಇಥೆಲ್ ಮರೀ,

ಕಾಲು ಹೇಗಿದೆ? ಮೊದಲು ಅದನ್ನು ಹೇಳು. ಕೀವು ನಿಂತಿತೇ, ಜ್ವರ ಬಿಟ್ಟಿತೇ, ಆ ಆಸ್ಪತ್ರೆಯವರು ಹೊಟ್ಟೆಗೆ ಏನು ಹಾಕುತ್ತಿದ್ದಾರೆ? ಕಾಲು ತೆಗೆಯುವ ಮಾತೆತ್ತಿದರೆ ನಮ್ಮಮ್ಮನನ್ನು ಕೇಳಬೇಕು ಎಂದು ಹೇಳು. ನಗಬೇಡ, ಹಾಗೇ ಹೇಳು. ನಾನು ಗಟ್ಟಿಯಾಗಿದ್ದೇನೆ, ನನಗೇನೂ ಆಗುವುದಿಲ್ಲ. ನಿನ್ನಪ್ಪನ ಕೆಮ್ಮು ಇದ್ದ ಹಾಗೆಯೇ ಇದೆ. ಮೂವತ್ತು ವರ್ಷ ಸ್ಲೇಟು ಗಣಿಯ ಧೂಳು ಕುಡಿದ ಎದೆ, ಅದು ಈಗ ಯಾವ ಔಷಧಿಗೆ ಬಗ್ಗುತ್ತದೆ? ಬೆಳಿಗ್ಗೆ ಬಟ್ಟೆ ಒಗೆದು ಹಾಕಿದೆ, ಮಳೆ ಬಂತು, ಮತ್ತೆ ಎಲ್ಲ ಒಳಗೆ ತಂದೆ. ಒಲೆಯ ಮುಂದೆ ನಿನ್ನಪ್ಪನ ಅಂಗಿಗಳ ನಡುವೆ ಕೂತು ಇದನ್ನು ಬರೆಯುತ್ತಿದ್ದೇನೆ. ಅವರು ನನ್ನ ಕಡೆಗೆ ಬೆನ್ನು ತಿರುಗಿಸಿ ಕೂತಿದ್ದಾರೆ. ಗುರುವಾರದಿಂದ ಹಾಗೆಯೇ. ಕಾರಣ ಮುಂದೆ ಹೇಳುತ್ತೇನೆ.

ನಿನ್ನ ಕಾಗದವನ್ನು ಆ ಕೆಂಪು ಕೂದಲಿನ ಸಿಪಾಯಿ ಅಧಿಕಾರಿಗಳ ಕಣ್ಣಿಗೆ ಬೀಳದ ಹಾಗೆ ಕೋಟಿನ ಅಸ್ತರಿಗೆ ಹೊಲಿದುಕೊಂಡು ತಂದುಕೊಟ್ಟ. ಪಾಪ, ಎರಡು ದಿನದ ರಜೆಯಲ್ಲಿ ನಮಗಾಗಿ ಆರು ಮೈಲಿ ನಡೆದು ಬಂದ. ಬಾಗಿಲಲ್ಲೇ ನಿಂತು ಓದಿದೆ. ಎಂಟು ತಿಂಗಳ ಮೇಲೆ ನಮ್ಮ ವೆಲ್ಷ್ ಮಾತಿನಲ್ಲಿ ನಿನ್ನ ಕಾಗದ! ಇಲ್ಲಿಯವರೆಗೆ ಬಂದ ಇಂಗ್ಲಿಷ್ ಕಾಗದಗಳನ್ನೆಲ್ಲ ನಾನು ಅಂಚೆಮನೆಯ ಎಲಿನ್ ಹತ್ತಿರ ಒಯ್ಯುತ್ತಿದ್ದೆ. ಅವಳು ಕಟಕಟೆಯ ಆಚೆ ಕೂತು ಕನ್ನಡಕ ಏರಿಸಿ, ಹಿಂದೆ ಸಾಲುಗಟ್ಟಿದ ಹೆಂಗಸರೆಲ್ಲ ಕೇಳುವ ಹಾಗೆ, ನಾನು ಕ್ಷೇಮ, ಇಲ್ಲಿ ಮಳೆ, ಕಾಲುಚೀಲ ಕಳಿಸಿ ಎಂದು ಓದಿ ಹೇಳುತ್ತಿದ್ದಳು. ಅದು ನನ್ನ ಮಗನ ಕಾಗದವೋ ಯಾರೋ ಬಾಡಿಗೆದಾರನ ಕಾಗದವೋ ಎನ್ನಿಸುತ್ತಿತ್ತು. ಮನೆಗೆ ತಂದು ಅಕ್ಷರಗಳನ್ನು ಸುಮ್ಮನೆ ನೋಡುತ್ತಿದ್ದೆ. ನಿನ್ನ ಕೈಬರಹ ಎಂದು ಗೊತ್ತಾಗುತ್ತಿತ್ತು, ಅಷ್ಟೆ. ಆದರೂ ಇಂಗ್ಲಿಷಿನಲ್ಲಿ ಬರೆ ಎಂದವಳು ನಾನೇ ಅಲ್ಲವೇ, ಯಾರನ್ನು ದೂರಲಿ?

ಈ ಪಟ್ಟಾಳದವರ ನಾಚಿಕೆಗೇಡು ನೋಡು. ನಿಮ್ಮನ್ನು ಸೇರಿಸಿಕೊಳ್ಳಲು ಪ್ರಾರ್ಥನೆಯ ಹೊತ್ತಿಗೆ ನಮ್ಮ ಚಾಪೆಲಿಗೆ ಬಂದಾಗ ಎಂಥ ಚಂದದ ವೆಲ್ಷ್ ಮಾತಾಡಿದರು! ನಿಮ್ಮ ಭಾಷೆಯದೇ ಪಡೆ, ನಿಮ್ಮವರೇ ಅಧಿಕಾರಿಗಳು ಎಂದರು. ಸೇರಿದ ಮೇಲೆ, ಸಾಲಿನಲ್ಲಿ ನಿಂತು ಪಕ್ಕದವನಿಗೆ ನಮ್ಮ ಮಾತಿನಲ್ಲಿ ಎರಡು ಮಾತಾಡಿದ್ದಕ್ಕೆ ನಿನ್ನಿಂದ ಮೂರು ದಿನ ಕಕ್ಕಸು ತೊಳೆಸಿದರು. ಶಿಕ್ಷೆ ಕೊಡುವಾಗ ಪಕ್ಕದಲ್ಲೇ ನಿಂತಿದ್ದ ಅಧಿಕಾರಿ ಇದ್ವಾಲ್, ನಮ್ಮ ಎದುರುಮನೆಯ ಹ್ಯೂನ ಮಗ ಇದ್ವಾಲ್, ನಮ್ಮ ಮಾತು ತಿಳಿಯದವನ ಹಾಗೆ ಮುಖ ತಿರುಗಿಸಿದ ಎಂದು ನೀನೇ ಬರೆದಿದ್ದೆ. ಆಮೇಲೆ ಕಾಗದಗಳದ್ದು ಬಂತು. ಅಧಿಕಾರಿ ಓದಿ ಒಪ್ಪದೆ ಸಿಪಾಯಿಯ ಕಾಗದ ಹೊರಡುವಂತಿಲ್ಲ, ವೆಲ್ಷ್ ಓದಬಲ್ಲ ಅಧಿಕಾರಿಯೇ ಇಲ್ಲ ಎಂದರು. ಯಾರಿಗೆ ಬರುತ್ತದೆ ಎಂದು ದೊಡ್ಡ ಸಾಹೇಬ ಕೇಳಿದಾಗ, ಆ ಇದ್ವಾಲನೇ ಕೈ ಎತ್ತಿದನಂತೆ. ಇನ್ನು ಮೇಲೆ ನನ್ನ ಕಾಗದವನ್ನು ಮೊದಲು ಓದುವವನು ಹ್ಯೂನ ಮಗ ಅಮ್ಮಾ ಎಂದು ನೀನು ಬರೆದ ದಿನ ನನ್ನ ಮೈಯೆಲ್ಲ ಉರಿದುಹೋಯಿತು. ನನಗೆ ಬರೆದ ಮಾತಿನ ಮೇಲೆ ದ್ರೋಹಿಯ ಮಗ ಕಣ್ಣಾಡಿಸಬೇಕೇ? ಅದಕ್ಕೇ ಇಂಗ್ಲಿಷಿನಲ್ಲಿ ಬರೆ ಎಂದೆ. ನೀನು ಎದುರಾಡದೆ ಬರೆದೆ. ನೀನು ಯಾವಾಗಲೂ ಒಳ್ಳೆಯ ಮಗ.

ಮುಷ್ಕರದ ಮೂರು ವರ್ಷ ನಿನಗೆ ನೆನಪಿದೆ. ಹಸಿದವರಿಗೆ ಮರೆಯುವುದಿಲ್ಲ. ಊರಿಗೆ ಊರೇ ಗಣಿಗೆ ಹೋಗದೆ ಕೂತಿತ್ತು. 'ಈ ಮನೆಯಲ್ಲಿ ದ್ರೋಹಿಗಳಿಲ್ಲ' ಎಂಬ ಚೀಟಿ ಎಲ್ಲರ ಕಿಟಕಿಯಲ್ಲೂ ಇತ್ತು. ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ಎದುರುಮನೆಯ ಕಿಟಕಿಯಲ್ಲಿ ಚೀಟಿ ಇಲ್ಲ. ಹ್ಯೂ ತಲೆ ತಗ್ಗಿಸಿಕೊಂಡು ಪೊಲೀಸರ ನಡುವೆ ಗಣಿಗೆ ನಡೆದ. ಆಮೇಲೆ ಆ ಮನೆಯಲ್ಲಿ ಒಲೆ ಉರಿಯಿತು, ಹಿತ್ತಲಿಗೆ ಹಸು ಬಂತು, ಇದ್ವಾಲ್ ಗಣಿ ಒಡೆಯನ ಖರ್ಚಿನಲ್ಲಿ ಇಂಗ್ಲಿಷ್ ಶಾಲೆಗೆ ಹೋದ. ರಜೆಗೆ ಬಂದರೆ ಹೆತ್ತ ತಾಯಿಗೂ ಇಂಗ್ಲಿಷಿನಲ್ಲೇ ಉತ್ತರ. ಆ ತಾಯಿ ಮಾರ್ಗಿಯಡ್‌ಗೋ ನನ್ನ ಹಾಗೆಯೇ ಒಂದಕ್ಷರ ಇಂಗ್ಲಿಷ್ ಬಾರದು. ಅವಳು ಅಂಗಳದಲ್ಲಿ ನಿಂತು ಏನೋ ಕೇಳುವುದು, ಅವನು ಏನೋ ಹೇಳುವುದು, ಅವಳು ಸುಮ್ಮನೆ ತಲೆ ಆಡಿಸುವುದು. ನಾನು ಪರದೆಯ ಹಿಂದೆ ನಿಂತು ಅದನ್ನು ನೋಡಿ ಸಂತೋಷಪಟ್ಟಿದ್ದೇನೆ. ಇಲ್ಲ ಎಂದು ಯಾಕೆ ಸುಳ್ಳು ಹೇಳಲಿ?

ಎರಡು ವರ್ಷದ ಹಿಂದೆ ಹ್ಯೂ ಸತ್ತಾಗ ಹೆಣ ಹೊರಲು ಬೀದಿಯ ಒಬ್ಬ ಗಂಡಸೂ ಬರಲಿಲ್ಲ. ಹದಿಮೂರು ವರ್ಷ ಈ ಬೀದಿಯಲ್ಲಿ ಮಾರ್ಗಿಯಡ್ ಜೊತೆ ಯಾರೂ ಮಾತಾಡಿಲ್ಲ. ನಾನಂತೂ ಕಣ್ಣೆತ್ತಿ ನೋಡಿಲ್ಲ. ನಮ್ಮ ಕಿಟಕಿಯ ಚೀಟಿ ಇನ್ನೂ ಅಲ್ಲೇ ಇದೆ, ಬಿಸಿಲಿಗೆ ಹಳದಿಯಾಗಿದೆ. ನಿನ್ನ ತಂಗಿ, ನಮ್ಮ ನೆಸ್ಟ್ ಬದುಕಿದ್ದರೆ ಈಗ ಹದಿನೇಳು ತುಂಬಿ ಹದಿನೆಂಟು. ಅವಳು ಹೋದದ್ದು ಮುಷ್ಕರದ ಕೊನೆಯ ಚಳಿಗಾಲದಲ್ಲಿ.

ಆ ಬಟ್ಟಲಿನ ವಿಷಯ ನಾವಿಬ್ಬರೂ ಯಾವತ್ತೂ ಮಾತಾಡಿಲ್ಲ. ಆದರೆ ನೀನು ಮೆಟ್ಟಿಲ ಮೇಲೆ ಕೂತಿದ್ದೆ, ನಿನಗೆ ಎಂಟು ವರ್ಷ, ನೀನು ನೋಡಿದ್ದೆ. ನೆಸ್ಟ್ ದಿನವೂ ಎದುರುಮನೆಯ ಗೇಟು ಹಿಡಿದು ನಿಲ್ಲುತ್ತಿದ್ದಳು. ಇದ್ವಾಲ್ ಮೆಟ್ಟಿಲ ಮೇಲೆ ಕೂತು ಓಟ್ಸ್ ರೊಟ್ಟಿ ಪುಡಿ ಮಾಡಿ ಹಾಕಿದ ಮಜ್ಜಿಗೆ ತಿನ್ನುತ್ತಿದ್ದ. ಒಂದು ದಿನ ಮಾರ್ಗಿಯಡ್ ಅದೇ ಮಜ್ಜಿಗೆ ಒಂದು ಬಟ್ಟಲು ತಂದು ನಮ್ಮ ಬಾಗಿಲಲ್ಲಿ ನಿಂತಳು. ಮಗುಗೆ ಕೊಡು ಲೌರಿ, ನನ್ನ ಮುಖ ನೋಡ್ಬೇಡ, ಮಗು ಮುಖ ನೋಡು ಎಂದಳು. ನಾನು ಬಟ್ಟಲನ್ನು ಕೈಯಿಂದ ಕಿತ್ತುಕೊಂಡು ಅವಳ ಕಣ್ಣೆದುರೇ ಚರಂಡಿಗೆ ಸುರಿದೆ. ಬೀದಿಯ ಹೆಂಗಸರು ಶಭಾಷ್ ಎಂದರು. ನೆಸ್ಟ್ ಚರಂಡಿಯನ್ನೇ ನೋಡುತ್ತ ನಿಂತಳು. ಆರು ವಾರಕ್ಕೆ ಹೋದಳು. ಒಂದು ಬಟ್ಟಲು ಮಜ್ಜಿಗೆಯಿಂದ ಅವಳು ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದರು. ನಾನು ಕೇಳದೆಯೇ ಹೇಳಿದ್ದರು.

ಈಗ ನಿನ್ನ ಕಾಗದ ನೋಡಿದರೆ ಅದರಲ್ಲೂ ಅದೇ ಮಜ್ಜಿಗೆ. ನೀನು ಬರೆದದ್ದನ್ನೆಲ್ಲ ಬಾಯಿಪಾಠವಾಗುವಷ್ಟು ಸಲ ಓದಿದ್ದೇನೆ. ಫ್ರಾನ್ಸಿನ ಆ ಕಾಡಿನ ಗುಂಡಿಯಲ್ಲಿ ನೀನು ಕಾಲಿಗೆ ಗುಂಡು ತಿಂದು, ಇದ್ವಾಲ್ ಹೊಟ್ಟೆಗೆ ತಿಂದು, ಮಧ್ಯಾಹ್ನದಿಂದ ಸಂಜೆಯವರೆಗೆ ಪಕ್ಕಪಕ್ಕ ಮಲಗಿದ್ದು. ಅಷ್ಟು ದಿನ ಇಂಗ್ಲಿಷಿನಲ್ಲಿ ಗದರಿಸುತ್ತಿದ್ದವನ ಬಾಯಿಂದ ಆ ಹೊತ್ತು ಒಂದೇ ಒಂದು ಇಂಗ್ಲಿಷ್ ಪದ ಬರಲಿಲ್ಲ ಎಂದಿದ್ದೀಯ. ಗಾಯಾಳುಗಳನ್ನು ಹೊರುವವರು ಬಂದು ಹೆಸರು ಕೇಳಿದರೆ ಅವನಿಗೆ ಅರ್ಥವೇ ಆಗಲಿಲ್ಲವಂತೆ, ನೀನು ಹೇಳಬೇಕಾಯಿತಂತೆ. ಕೊನೆಗೆ ನಿನ್ನನ್ನೇ ತಾಯಿ ಎಂದುಕೊಂಡು, 'ಅಮ್ಮಾ, ಮಜ್ಜಿಗೆಗೆ ರೊಟ್ಟಿ ಇನ್ನೊಂದ್ ಚೂರು ಹಾಕೇ' ಎಂದು ಕೇಳುತ್ತ ಕೇಳುತ್ತ ಹೋದನಂತೆ. ಅವನ ತಾಯಿಗೆ ಇದನ್ನು ಹೇಳು ಅಮ್ಮಾ, ನೀನೇ ಹೋಗಿ ಹೇಳು ಎಂದು ಎರಡು ಸಲ ಗೆರೆ ಎಳೆದು ಬರೆದಿದ್ದೀಯ. ಗೆರೆ ಎಳೆಯುವುದು ಸುಲಭ ಮಗನೇ. ಬೀದಿ ದಾಟಬೇಕಾದವಳು ನಾನು.

ನಾನು ದಾಟಲಿಲ್ಲ, ಅವಳೇ ದಾಟಿ ಬಂದಳು. ದಂಡಿನ ಸಾಹೇಬ ಅವಳಿಗೆ ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದಿದ್ದ. ಅದನ್ನು ಓದಿಸಿಕೊಳ್ಳಲು ಎಲಿನ್ ಹತ್ತಿರ ಹೋದಳು, ಎಲಿನ್ ಕಟಕಟೆಯ ಕಿಟಕಿ ಎಳೆದುಕೊಂಡಳು. ಪಾದ್ರಿಯ ಮನೆಗೆ ಹೋದಳು, ಪಾದ್ರಿ ಮನೆಯಲ್ಲಿಲ್ಲ ಎಂದು ಅವರ ಹೆಂಡತಿ ಹೇಳಿದರು. ಪಾದ್ರಿ ಒಳಗೆ ಚಹಾ ಕುಡಿಯುತ್ತಿದ್ದರು, ಜೊತೆಗೆ ನಾನೂ ಇದ್ದೆ. ಹನ್ನೊಂದು ದಿನ ಅದನ್ನು ಎದೆಯಲ್ಲಿಟ್ಟುಕೊಂಡು ತಿರುಗಿದಳು. ಕೊನೆಗೆ ಗಣಿ ಕಚೇರಿಯ ಗುಮಾಸ್ತ ಓದಿ ಹೇಳಿದ. ಈಗ ಅವನೂ ಪಟ್ಟಾಳಕ್ಕೆ ಹೋದ. ಸಾಯುವಾಗ ಇದ್ವಾಲನ ಪಕ್ಕದಲ್ಲಿ ನೀನಿದ್ದೆ ಎಂಬ ಮಾತು ಆ ಕಾಗದದಲ್ಲಿತ್ತು. ಅದಕ್ಕೇ ಗುರುವಾರ ಬಂದಳು. ನಾನು ಆಲೂಗೆಡ್ಡೆ ಸುಲಿಯುತ್ತಿದ್ದೆ. ಹೊಸಿಲಿನ ಆಚೆಯೇ ನಿಂತಳು. ಮುದುಕಿಯಾಗಿಬಿಟ್ಟಿದ್ದಾಳೆ, ನನಗಿಂತ ಎರಡು ವರ್ಷ ಚಿಕ್ಕವಳು.

"ಲೌರಿ, ಒಂದೇ ಮಾತು ಕೇಳಿ ಹೋಗ್ತೀನಿ. ನನ್ ಮಗ ಕೊನೆಗೆ ಯಾವ್ ಮಾತಲ್ಲಿ ಮಾತಾಡ್ದ?"

ನಿನ್ನ ಕಾಗದ ನನ್ನ ಏಪ್ರನ್ನಿನ ಜೇಬಿನಲ್ಲಿತ್ತು. ಕೈ ಹಾಕಿದರೆ ಸಿಗುತ್ತಿತ್ತು. ಅದೂ ನಮ್ಮ ಮಾತಿನಲ್ಲಿದೆ, ಅವಳೇ ಓದಿಕೊಳ್ಳುತ್ತಿದ್ದಳು. ನಾನು ಚಾಕು ಕೆಳಗಿಡಲಿಲ್ಲ.

"ಇಂಗ್ಲಿಷಲ್ಲಿ" ಎಂದೆ. ಹದಿಮೂರು ವರ್ಷದಲ್ಲಿ ನಾನು ಅವಳಿಗೆ ಹೇಳಿದ ಮೊದಲ ಮಾತು ಅದು. ಅವಳು ಅಳಲಿಲ್ಲ, ಜಗಳಕ್ಕೆ ನಿಲ್ಲಲಿಲ್ಲ. 'ನಾನೂ ಹಂಗೇ ಅನ್ಕೊಂಡಿದ್ದೆ' ಎಂದಳು. ಹಾಗೆಂದು ಬೀದಿ ದಾಟಿ ಹೋದಳು. ನಾನು ಉಳಿದ ಆಲೂಗೆಡ್ಡೆ ಸುಲಿದೆ. ಒಳಗೆ ಒಂಥರಾ ತೃಪ್ತಿಯಾಯಿತು ಇಥೆಲ್. ತಾಯಿಯಾದವಳು ಮಗನ ಮುಂದೆ ಇದನ್ನು ಹೇಳಬಾರದು, ಆದರೆ ಆಯಿತು. ಊಟಕ್ಕೆ ಕೂತಾಗ ನಿನ್ನಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಅವರಿಗೆ ನಿನ್ನ ಕಾಗದ ನಾನೇ ಓದಿ ಹೇಳಿದ್ದೆನಲ್ಲ.

"ಬಟ್ಟಲು ಸುರಿದಿದ್ದು ಸಾಲ್ದೇನೇ ಲೌರಿ?" ಎಂದರು.

ಇಷ್ಟು ವರ್ಷ ಆ ಬಟ್ಟಲಿನ ಹೆಸರೆತ್ತದ ಮನುಷ್ಯ. ಮುಷ್ಕರದಲ್ಲಿ ನನಗಿಂತ ಗಟ್ಟಿಯಾಗಿ ನಿಂತವರು, ಹ್ಯೂನ ಮುಖಕ್ಕೆ ಉಗಿದವರು. ಅವರ ಬಾಯಲ್ಲಿ ಈ ಮಾತು. ಆಗಿನಿಂದ ಬೆನ್ನು ತಿರುಗಿಸಿ ಕೂತಿದ್ದಾರೆ. ಕೂರಲಿ. ನೆಸ್ಟ್‌ಗೆ ಒಂಬತ್ತು ತಿಂಗಳು ಹೊಟ್ಟೆಯಲ್ಲಿ ಜಾಗ ಕೊಟ್ಟವಳು ನಾನು. ಅವಳು ಸಾಯುವಾಗ ಏನು ಕೇಳಿದಳು ಎಂದು ನನ್ನ ಹತ್ತಿರ ಯಾರಾದರೂ ಬಂದು ವಿಚಾರಿಸಿದರೇ? ಅವಳೂ ಮಜ್ಜಿಗೆಯನ್ನೇ ಕೇಳಿದ್ದಳು. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ನಿನಗೆ ಹೇಳಿಬಿಟ್ಟೆ, ಇನ್ನು ಮತ್ತೆ ಕೇಳಬೇಡ.

ಶನಿವಾರ ಮಾರ್ಗಿಯಡ್ ಮತ್ತೆ ಬಂದಳು. ಈ ಸಲ ಕೈಯಲ್ಲಿ ಒಂದು ಲಕೋಟೆ. ಮೇಲೆ ನಿನ್ನ ಹೆಸರು. ಆಸ್ಪತ್ರೆಯ ವಿಳಾಸ ಅವಳಿಗೆ ಗೊತ್ತಿಲ್ಲ, ನನ್ನ ಕಾಗದದ ಜೊತೆ ಇಟ್ಟು ಕಳಿಸಬೇಕಂತೆ. ನೋಡು, ನನ್ನನ್ನು ನಂಬಿ ಕೊಟ್ಟಳು. ಎರಡು ದಿನ ಗಡಿಯಾರದ ಹಿಂದೆ ಇಟ್ಟಿದ್ದೆ. ಒಲೆ ಅಲ್ಲೇ ಪಕ್ಕದಲ್ಲಿ ಉರಿಯುತ್ತಿತ್ತು, ಎರಡು ಸಲ ಕೈಗೆ ತೆಗೆದುಕೊಂಡೆ ಕೂಡ. ನಿನ್ನಪ್ಪ ಮಾತಾಡುವುದಿಲ್ಲ, ಆದರೆ ಲಕೋಟೆ ಅಲ್ಲಿದೆಯೋ ಇಲ್ಲವೋ ಎಂದು ಗಡಿಯಾರ ನೋಡುವ ನೆಪದಲ್ಲಿ ನೋಡುತ್ತಾರೆ.

ಇರಲಿ. ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿ ಇಟ್ಟಿದ್ದೇನೆ. ಎರಡು ಜೊತೆ ಕಾಲುಚೀಲ ಬೇರೆ ಕಟ್ಟಿನಲ್ಲಿ ಬರುತ್ತದೆ. ಕಾಲಿಗೆ ನೋವಿದ್ದರೆ ಎಡಗಾಲಿನದನ್ನು ಮಡಿಚಿ ಹಾಕಿಕೋ, ದೊಡ್ಡದಾಗಿಯೇ ಹೆಣೆದಿದ್ದೇನೆ. ದಾದಿಯರು ಅರ್ಥವಾಗದ ಮಾತಾಡಿದರೆ ಹೆದರಬೇಡ, ಎರಡು ಸಲ ಹೇಳಿಸಿಕೋ. ಚಾಪೆಲಿನಲ್ಲಿ ಎಲ್ಲರೂ ನಿನ್ನ ಹೆಸರೆತ್ತಿ ಪ್ರಾರ್ಥಿಸುತ್ತಿದ್ದಾರೆ. ದೇವರು ನಿನ್ನ ಕಾಲನ್ನೂ ನಿನ್ನನ್ನೂ ಇಡಿಯಾಗಿ ನನ್ನ ಬಾಗಿಲಿಗೆ ತಂದು ಬಿಡಲಿ. ಅಪ್ಪನ ಆಶೀರ್ವಾದವನ್ನೂ ನಾನೇ ಬರೆಯುತ್ತಿದ್ದೇನೆ, ಅವರು ತಿರುಗಲೊಲ್ಲರು.

ಇಂತಿ,
ನಿನ್ನ ದಾರಿ ನೋಡುತ್ತಿರುವ ಅಮ್ಮ,
ಲೌರಿ

ಅಂಚೆ ಹೊರಡುವ ಹೊತ್ತಾಯಿತು, ಇದೊಂದು ಮರೆತೆ. ಅವಳ ಲಕೋಟೆಯನ್ನು ಇದರೊಳಗೆ ಇಟ್ಟಿದ್ದೇನೆ. ಬಿಚ್ಚಿಲ್ಲ, ನಿನ್ನಪ್ಪ ಎದ್ದು ಬಂದು ನಾನು ಇಡುವವರೆಗೂ ಪಕ್ಕದಲ್ಲಿ ನಿಂತಿದ್ದರು. ಅವಳಿಗೆ ಉತ್ತರ ಬರೆ. ಇದ್ವಾಲ್ ಯಾವ ಮಾತಲ್ಲಿ ಮಾತಾಡಿದ, ತಾಯಿಯನ್ನು ಏನು ಕೇಳಿದ, ರೊಟ್ಟಿ, ಮಜ್ಜಿಗೆ, ಒಂದನ್ನೂ ಬಿಡದೆ ನಿಜವನ್ನೇ ಬರೆ, ನಾನು ಸುಳ್ಳಿ ಎಂದೂ ಬೇಕಾದರೆ ಬರೆ. ಎಲಿನ್ ಕಿಟಕಿ ತೆರೆಯುವುದಿಲ್ಲ, ಪಾದ್ರಿ ಮನೆಯಲ್ಲಿರುವುದಿಲ್ಲ, ಗುಮಾಸ್ತ ಊರಲ್ಲಿಲ್ಲ. ನಿನ್ನ ಉತ್ತರವನ್ನು ಎದೆಯಲ್ಲಿಟ್ಟುಕೊಂಡು ಅವಳು ಯಾವ ಬಾಗಿಲಿಗೆ ಹೋಗುತ್ತಾಳೋ ನೋಡುತ್ತೇನೆ. ನೀನು ನನ್ನ ಹಾಲು ಕುಡಿದ ಮಗನೇ ಆಗಿದ್ದರೆ, ಇಂಗ್ಲಿಷಿನಲ್ಲಿ ಬರೆ.